ಕುರಿಯ ಉಣ್ಣೆ ಉದುರಿದರೆ, ಕಂಬಳಿಯ ನೂಲು ಹರಿದರೆ: ಕಾರಣ ಪತ್ತೆ ಹಚ್ಚುವ ಕ್ರಮ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಉಣ್ಣೆಯ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚಾಗಿ ಎರಡು. ಕತ್ತರಿ ತಾಗುವ ಮೊದಲೇ ಕುರಿಯ ಮೈಮೇಲಿನ ಉಣ್ಣೆ ಕಿತ್ತು ಬರುತ್ತಿದೆ ಎಂಬುದು ಒಂದು; ಹಿಂಜಿ, ನೂತು ಮಗ್ಗಕ್ಕೆ ಏರಿಸಿದ ಮೇಲೆ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಹಿಡಿದ) ಎಳೆಗಳು ಮತ್ತೆ ಮತ್ತೆ ಹರಿಯುತ್ತಿವೆ ಎಂಬುದು ಇನ್ನೊಂದು. ಮೊದಲನೆಯದನ್ನು ಕುರಿ ಕಾಯುವವರೂ ಎರಡನೆಯದನ್ನು ಕಂಬಳಿ ನೇಯುವವರೂ ಹೇಳುವುದರಿಂದ ಇವು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಆದರೆ ಅನೇಕ ಸಲ ಎರಡಕ್ಕೂ ಮೂಲ ಒಂದೇ ಆಗಿರುತ್ತದೆ. ಹಿಂಡಿನಲ್ಲಿ ಒಂದು ವಾರ ಜ್ವರ ಹಾಯ್ದು ಹೋಗಿದ್ದರೆ ಅದರ ಗುರುತು ಮೊದಲು ಕುರಿಯ ಮೈಮೇಲೆ, ತಿಂಗಳುಗಳ ನಂತರ ಮಗ್ಗದ ಮೇಲೆ ಕಾಣಿಸಿಕೊಳ್ಳಬಹುದು.

ಉಣ್ಣೆ ಉದುರಿತೆಂದರೆ ಸಾಕು, "ಕಾಕಾ, ಒಂದು ಸೂಜಿ ಹಾಕಿಸಿಬಿಡ್ರಿ, ಎಲ್ಲಾ ಸರಿ ಹೋಗ್ತೈತಿ" ಎಂಬ ಸಲಹೆ ಹಟ್ಟಿಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಆ ಸೂಜಿ ಸಾಮಾನ್ಯವಾಗಿ ಐವರ್ಮೆಕ್ಟಿನ್. ಕಜ್ಜಿಗೆ ಅದು ಒಳ್ಳೆಯ ಔಷಧಿ, ಆದರೆ ಉಣ್ಣೆ ಉದುರುವ ಕಾರಣಗಳಲ್ಲಿ ಕಜ್ಜಿ ಒಂದು ಮಾತ್ರ. ಆದ್ದರಿಂದ ಔಷಧಿಯ ಅಂಗಡಿಗೆ ಹೋಗುವ ಮೊದಲು ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು: ಹಿಂಡಿನಲ್ಲಿ ಯಾವ ಕುರಿಗಳಿಗೆ ಆಗಿದೆ, ಮೈಯ ಯಾವ ಭಾಗದಲ್ಲಿ ಆಗಿದೆ, ಉಣ್ಣೆಯ ಎಳೆ ಎಲ್ಲಿ ತುಂಡಾಗುತ್ತದೆ. ಮುಂದಿನದೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಇದು ನಿಜವಾಗಿಯೂ ದೋಷವೇ?

ಮೊದಲು ತಳಿಯನ್ನು ಗಮನಿಸಬೇಕು. ಲಿಂಗಸುಗೂರು, ಸಿಂಧನೂರು, ಗಂಗಾವತಿ ಕಡೆಯ ಕೆಂಗುರಿ ಮಾಂಸಕ್ಕಾಗಿ ಸಾಕುವ ತಳಿ. ಅದರ ಕೆಂಪು ಮೈಮೇಲೆ ಇರುವುದು ಬಹುಪಾಲು ಗಿಡ್ಡ ಕೂದಲೇ ಹೊರತು ಕಂಬಳಿಗೆ ಒದಗುವ ಉಣ್ಣೆಯಲ್ಲ. ಆಂಧ್ರದ ಕಡೆಯಿಂದ ಬರುವ ನೆಲ್ಲೂರು ಕುರಿಯೂ ಹಾಗೆಯೇ. ಬಳ್ಳಾರಿ ಕುರಿ ಮತ್ತು ಡೆಕ್ಕನಿ ಕುರಿಗಳು ಮಾತ್ರ ಕಂಬಳಿಯ ಉಣ್ಣೆ ಕೊಡುತ್ತವೆ. ನಯವಾದ ಉಣ್ಣೆಗೆ ಹೆಸರಾದ ಮೆರಿನೋ ತಳಿಯ ಎಳೆಯ ದಪ್ಪ 24 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಒಳಗಿದ್ದರೆ ಇವುಗಳ ಎಳೆ 50 ಮೈಕ್ರಾನ್ ಆಸುಪಾಸಿಗೆ ಅಥವಾ ಅದಕ್ಕೂ ಹೆಚ್ಚಿಗೆ ಹೋಗುತ್ತದೆ. ಮಾಂಸದ ಬೆಲೆ ಏರುತ್ತ ಹೋಗಿ ಒರಟು ಉಣ್ಣೆಯನ್ನು ಕೇಳುವವರು ಕಡಿಮೆಯಾದ ಮೇಲೆ ಉಣ್ಣೆ ಕೊಡುವ ಈ ಕರಿ ಕುರಿಗಳ ಹಿಂಡಿಗೆ ಕೆಂಗುರಿ ಟಗರನ್ನೋ ನೆಲ್ಲೂರು ಟಗರನ್ನೋ ಬಿಡುವುದು ಸಾಮಾನ್ಯವಾಗಿದೆ. ಅದಕ್ಕಾಗಿ ಕುರಿಗಾರರನ್ನು ದೂರುವಂತಿಲ್ಲ. ಆದರೆ ಅಂಥ ಟಗರಿಗೆ ಹುಟ್ಟಿದ ಮರಿಗಳ ಉಣ್ಣೆಯಲ್ಲಿ ಕೂದಲು ಬೆರೆತಿರುತ್ತದೆ, ಬೇಸಿಗೆ ಬಂದಾಗ ಅದು ತಾನಾಗಿ ಉದುರುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಉದುರಿದ ಜಾಗದ ಚರ್ಮ ಸ್ವಚ್ಛವಾಗಿ, ಮೆತ್ತಗೆ ಇರುತ್ತದೆ. ಕುರಿ ಮೇಯುತ್ತದೆ, ಮೆಲುಕು ಹಾಕುತ್ತದೆ, ಮೈ ಉಜ್ಜುವುದಿಲ್ಲ. ಹೋದ ವರ್ಷ ಉದುರಿದ್ದ ಕುರಿಗಳಿಗೇ ಈ ವರ್ಷವೂ ಉದುರಿರುತ್ತದೆ. ಇಂಥ ಕಡೆ ಔಷಧಿಗೆ ಮಾಡುವ ಖರ್ಚು ದಂಡ. ಕಂಬಳಿಗೆ ಉಣ್ಣೆ ಬೇಕೆಂದರೆ ಟಗರನ್ನು ಬದಲಿಸಬೇಕು.

ಮರಿ ಹಾಕಿ ಹಾಲೂಡುತ್ತಿರುವ ಕುರಿಯ ಕುತ್ತಿಗೆ ಮತ್ತು ಪಕ್ಕೆಗಳಲ್ಲಿ ಉಣ್ಣೆ ಸಡಿಲವಾಗುವುದೂ ಉಂಟು. ತಿಂದದ್ದೆಲ್ಲ ಹಾಲಿಗೆ ಹೋಗಿ ಉಣ್ಣೆಗೆ ಉಳಿಯದಿರುವುದೇ ಇದಕ್ಕೆ ಕಾರಣ. ಅದನ್ನು ರೋಗವೆನ್ನುವುದಕ್ಕಿಂತ ಮೇವಿನ ಕೊರತೆ ಎನ್ನುವುದು ಸರಿ.

ಕುಚ್ಚನ್ನು ಹಿಡಿದು ನೋಡುವುದು

ಈ ಪರೀಕ್ಷೆಗೆ ಎರಡು ಕೈ ಮತ್ತು ಒಳ್ಳೆಯ ಬೆಳಕು ಇದ್ದರೆ ಸಾಕು. ಆದರೂ ಇದನ್ನು ಮಾಡುವವರು ಬಹಳ ಕಡಿಮೆ. ಕುರಿಯ ಪಕ್ಕೆಯ ನಡುಭಾಗದಲ್ಲಿ ಪೆನ್ಸಿಲ್ಲಿನಷ್ಟು ದಪ್ಪದ ಒಂದು ಕುಚ್ಚನ್ನು ಚರ್ಮದ ಹತ್ತಿರಕ್ಕೆ ಕತ್ತರಿಸಿಕೊಳ್ಳಬೇಕು. ಕತ್ತರಿ ಆಡಿದ ಬುಡ ಸಪಾಟಾಗಿ, ಜಿಡ್ಡಾಗಿ ಇರುತ್ತದೆ. ಬಿಸಿಲು, ಧೂಳು ಕಂಡ ತುದಿ ಒಣಗಿ, ಕಪ್ಪು ಉಣ್ಣೆಯಾದರೆ ಕಂದಾಗಿರುತ್ತದೆ. ಬುಡವನ್ನು ಒಂದು ಕೈಯಲ್ಲಿ, ತುದಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ನಡುವಿಗೆ ಬೆರಳಿನಿಂದ ಮೀಟಿ, ಆಮೇಲೆ ಜಗ್ಗಬೇಕು. ಗಟ್ಟಿ ಉಣ್ಣೆ ಟಣ್ಣೆಂದು ನಾದ ಕೊಟ್ಟು ಜಗ್ಗಿದರೂ ತಡೆಯುತ್ತದೆ. ಬಲಹೀನ ಉಣ್ಣೆ ಚಿಟಚಿಟನೆ ಹರಿಯುತ್ತದೆ.

ಹರಿದರೆ ಎಲ್ಲಿ ಹರಿಯಿತು ಎಂದು ನೋಡಬೇಕು. ಒಂದೊಂದು ಎಳೆ ಒಂದೊಂದು ಕಡೆ ಹರಿದಿದ್ದರೆ ಕುರಿಗೆ ಬಹುಕಾಲದಿಂದ ಮೇವು ಸಾಲದೆ ಎಳೆ ಉದ್ದಕ್ಕೂ ತೆಳ್ಳಗೆ ಬೆಳೆದಿದೆ, ಅಥವಾ ಉಣ್ಣೆ ಕತ್ತರಿಸಿದ ಮೇಲೆ ಕೆಟ್ಟಿದೆ ಎಂದು ತಿಳಿಯಬೇಕು. ಎಲ್ಲ ಎಳೆಗಳೂ ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿ ಹರಿದರೆ, ಆ ಮಟ್ಟ ಬೆಳೆಯುತ್ತಿದ್ದ ದಿನಗಳಲ್ಲಿ ಕುರಿಗೆ ಏನೋ ಆಗಿದೆ. ಜೋರು ಜ್ವರ ಬಂದಾಗ ಅಥವಾ ಮೇವು ಥಟ್ಟನೆ ತಪ್ಪಿದಾಗ ಉಣ್ಣೆಯ ಬೇರು ಕೆಲಕಾಲ ಕೆಲಸ ನಿಲ್ಲಿಸುತ್ತದೆ ಅಥವಾ ತೀರ ತೆಳುವಾದ ಎಳೆಯನ್ನು ಹೊರಬಿಡುತ್ತದೆ. ಚೇತರಿಸಿಕೊಂಡ ಮೇಲೆ ಮತ್ತೆ ದಪ್ಪ ಎಳೆ ಬರುತ್ತದೆ. ನಡುವಿನ ಆ ತೆಳು ಭಾಗವೇ ಮುಂದೆ ಹರಿಯುವ ಜಾಗ.

ಯಾವಾಗ ಆಯಿತೆಂಬುದನ್ನೂ ಅಂದಾಜಿನ ಮೇಲೆ ಲೆಕ್ಕ ಹಾಕಬಹುದು. ಹಿಂದಿನ ಸಲ ಉಣ್ಣೆ ಕತ್ತರಿಸಿದ್ದು ಮಾರ್ಚಿಯಲ್ಲಿ, ಈಗ ನೋಡುತ್ತಿರುವುದು ಸೆಪ್ಟೆಂಬರಿನಲ್ಲಿ ಎಂದಿಟ್ಟುಕೊಂಡರೆ ಕುಚ್ಚಿನ ಉದ್ದವೆಲ್ಲ ಆರು ತಿಂಗಳ ಬೆಳವಣಿಗೆ. ಬುಡದಿಂದ ಮೂರನೇ ಒಂದು ಪಾಲಿನಷ್ಟು ಮೇಲೆ ಹರಿದರೆ ತೊಂದರೆಯಾದದ್ದು ಎರಡು ತಿಂಗಳ ಹಿಂದೆ, ಜುಲೈ ಸುಮಾರಿಗೆ. ತುದಿಯ ಹತ್ತಿರ ಹರಿದರೆ ಏಪ್ರಿಲ್, ಮೇ ತಿಂಗಳ ಬಿಸಿಲು ಮತ್ತು ಬರಿ ಹೊಲಗಳನ್ನು ನೆನಪಿಸಿಕೊಳ್ಳಬೇಕು. ಉಣ್ಣೆ ಎಲ್ಲ ತಿಂಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲವಾದ್ದರಿಂದ ಇದು ಕರಾರುವಾಕ್ಕಾದ ಲೆಕ್ಕವಲ್ಲ. ಆದರೂ "ಜುಲೈಯಲ್ಲಿ ಹಿಂಡು ಎಲ್ಲಿತ್ತು, ಏನು ಮೇಯುತ್ತಿತ್ತು, ಯಾವ ಕುರಿ ಮಲಗಿತ್ತು" ಎಂದು ಕೇಳಿದರೆ ಕುರಿ ಕಾಯುವವರಿಗೆ ನೆನಪಾಗದೆ ಇರುವುದಿಲ್ಲ.

ಕುರಿಯ ಮೈಯಿಂದ ತಾನಾಗಿ ಬಿದ್ದ ಉಣ್ಣೆಯ ಬುಡವನ್ನೂ ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ಬುಡ ಸಣ್ಣಗಾಗುತ್ತ ಬಂದು ಮುಗಿದಿದ್ದರೆ ಬೇರು ಸಡಿಲವಾಗಿ ಉದುರಿದೆ. ಎಳೆಗಳು ಅಲ್ಲಲ್ಲಿ ತುಂಡಾಗಿ, ಜಗಿದಂತೆ ಇದ್ದರೆ ಕುರಿ ಮೈ ಉಜ್ಜಿಕೊಂಡಿದೆ ಅಥವಾ ಕಚ್ಚಿಕೊಂಡಿದೆ. ಬಳ್ಳಾರಿ ಜಾಲಿಯ ಪೊದೆಗಳಲ್ಲಿ ಮೇಯುವ ಹಿಂಡಿನಲ್ಲಿ ಎರಡೂ ಪಕ್ಕೆಗಳ ಉಣ್ಣೆ ಮುಳ್ಳಿಗೆ ಸಿಕ್ಕಿ ಕಿತ್ತಿರುವುದೂ ಉಂಟು. ಅದಕ್ಕೆ ಪೊದೆಯೇ ಸಾಕ್ಷಿ.

ಕುರಿ ಮೈ ಉಜ್ಜುತ್ತಿದ್ದರೆ

ತುರಿಕೆ ಇದೆಯೋ ಇಲ್ಲವೋ ಎಂಬುದು ದಾರಿ ಕವಲೊಡೆಯುವ ಜಾಗ. ಹಿಂಡನ್ನು ದೂರದಿಂದ ಸ್ವಲ್ಪ ಹೊತ್ತು ಸುಮ್ಮನೆ ನೋಡಬೇಕು. ಬೇಲಿಯ ಕಂಬಕ್ಕೆ ಉಜ್ಜುವುದು, ಹಿಂಗಾಲಿನಿಂದ ಕೆರೆದುಕೊಳ್ಳುವುದು, ಪಕ್ಕೆಯನ್ನು ಬಾಯಿಂದ ಕಚ್ಚಿ ಉಣ್ಣೆ ಎಳೆಯುವುದು ಕಂಡರೆ ತುರಿಕೆ ಇದೆ. ಅನುಮಾನವಿದ್ದರೆ ಕೆಟ್ಟ ಜಾಗವನ್ನು ಬೆರಳಿನಿಂದ ಕೆರೆದಾಗ ಕುರಿ ತುಟಿ ಆಡಿಸಿ ಮೆಲ್ಲುವಂತೆ ಮಾಡಿದರೂ ತುರಿಕೆಯೆಂದೇ ತಿಳಿಯಬಹುದು.

ಆಮೇಲೆ ಕುರಿಯನ್ನು ಬಿಸಿಲಿಗೆ ನಿಲ್ಲಿಸಿಕೊಂಡು ಕುತ್ತಿಗೆ, ಭುಜ, ಪಕ್ಕೆ, ಸೊಂಟದ ಮೇಲೆ ಉಣ್ಣೆಯನ್ನು ಎರಡೂ ಕೈಗಳಿಂದ ಬೈತಲೆ ತೆಗೆದಂತೆ ಬಿಡಿಸಿ ಚರ್ಮ ಕಾಣುವ ಹಾಗೆ ಮಾಡಬೇಕು. ತಿಳಿ ಕಂದು ಬಣ್ಣದ ಸಣ್ಣ ಹುಳುಗಳು ಬೆಳಕು ಬಿದ್ದೊಡನೆ ಉಣ್ಣೆಯೊಳಗೆ ಸರಿದರೆ ಅವು ಹೇನು. ಚಳಿಗಾಲದಲ್ಲಿ, ಉಣ್ಣೆ ಉದ್ದವಿದ್ದಾಗ ಹೇನು ಹೆಚ್ಚುತ್ತದೆ. ಉಣ್ಣೆ ಕತ್ತರಿಸಿ ನಮ್ಮ ಕಡೆಯ ಬಿಸಿಲಿಗೆ ಬಿಟ್ಟರೆ ಅರ್ಧ ಕೆಲಸ ಆದಂತೆ. ಐವರ್ಮೆಕ್ಟಿನ್ ಸೂಜಿ ಸೋಲುವುದು ಇಲ್ಲಿಯೇ. ಕುರಿಯ ಹೇನು ಹೆಚ್ಚಾಗಿ ಚರ್ಮದ ಹೊಟ್ಟು, ಜಿಡ್ಡು ತಿನ್ನುವ ಜಾತಿಯದು. ರಕ್ತದಲ್ಲಿ ಓಡಾಡುವ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಸೈಪರ್‌ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಬೆರೆಸಿದ ನೀರು ಚರ್ಮದವರೆಗೆ ಇಳಿಯುವಂತೆ ಮೈ ತೊಯ್ಸಬೇಕು, ಪ್ರಮಾಣವನ್ನು ಬಾಟಲಿಯ ಮೇಲೆ ಬರೆದಂತೆಯೇ ಹಿಡಿಯಬೇಕು. ಮೊಟ್ಟೆಗಳು ಔಷಧಿಗೆ ಸಾಯದೆ ಹತ್ತು ದಿನಗಳಲ್ಲಿ ಒಡೆಯುವುದರಿಂದ ಎರಡು ವಾರಕ್ಕೆ ಮತ್ತೊಮ್ಮೆ ತೊಯ್ಸಬೇಕು. ಉಳಿದ ಔಷಧಿ ನೀರನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಿದರೆ ಮೀನುಗಳು ಸಾಯುತ್ತವೆ.

ಹುಳು ಕಾಣದೆ, ಚರ್ಮ ದಪ್ಪಗಾಗಿ, ಹಳದಿ ಹೊಪ್ಪಳೆ ಕಟ್ಟಿ, ಅಂಚಿನಲ್ಲಿ ಒದ್ದೆಯಾಗಿದ್ದರೆ ಕಜ್ಜಿಯ ಅನುಮಾನ ಬಲವಾಗುತ್ತದೆ. ಉಣ್ಣೆ ಇರುವ ಬೆನ್ನು, ಪಕ್ಕೆಗಳಲ್ಲಿ ಬರುವ ಕಜ್ಜಿಯ ನುಸಿ ಬೇರೆ, ಮುಖ, ಕಿವಿ, ತುಟಿಗಳ ಮೇಲೆ ಬರುವ ನುಸಿ ಬೇರೆ. ಎರಡೂ ಬರಿಗಣ್ಣಿಗೆ ಸರಿಯಾಗಿ ಕಾಣಿಸುವುದಿಲ್ಲ. ಗಾಯದ ನಡುಭಾಗದಲ್ಲಿ ಹುಡುಕಿದರೆ ನುಸಿ ಸಿಗುವುದಿಲ್ಲ. ಒಳ್ಳೆಯ ಚರ್ಮಕ್ಕೆ ತಾಗಿದ ಅಂಚನ್ನು ಮೊಂಡು ಬ್ಲೇಡಿನಿಂದ ಸ್ವಲ್ಪ ರಕ್ತ ಜಿನುಗುವವರೆಗೆ ಕೆರೆದು, ಬಂದ ಪುಡಿಯನ್ನು ಮುಚ್ಚಳವಿರುವ ಸಣ್ಣ ಬಾಟಲಿಯಲ್ಲಿ ಪಶು ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಕಜ್ಜಿ ಎಂದು ಖಚಿತವಾದ ಮೇಲೆ ಐವರ್ಮೆಕ್ಟಿನ್ ಸರಿಯಾದ ಆಯ್ಕೆ. ಶೇ. 1ರ ಔಷಧಿಯನ್ನು 50 ಕಿಲೋ ತೂಕಕ್ಕೆ 1 ಮಿ.ಲೀ. ಲೆಕ್ಕದಲ್ಲಿ, ಎಂದರೆ 25 ಕಿಲೋ ಕುರಿಗೆ ಅರ್ಧ ಮಿ.ಲೀ., ಚರ್ಮದ ಕೆಳಗೆ ಕೊಡುತ್ತಾರೆ. ಏಳರಿಂದ ಹತ್ತು ದಿನಗಳಲ್ಲಿ ಮತ್ತೊಮ್ಮೆ ಕೊಡದಿದ್ದರೆ ರೋಗ ಮರಳುತ್ತದೆ. ತುರಿಸುವ ಕುರಿಗಳಿಗೆ ಮಾತ್ರ ಕೊಟ್ಟು ಉಳಿದವನ್ನು ಬಿಡುವುದು ಕೆಲಸಕ್ಕೆ ಬಾರದ ಉಳಿತಾಯ. ಈ ನುಸಿ ಕುರಿಯ ಮೈ ಬಿಟ್ಟ ಮೇಲೂ ಎರಡು ವಾರ ಬದುಕಿರಬಲ್ಲದು, ಆದ್ದರಿಂದ ಹಳೆಯ ಹಟ್ಟಿಯನ್ನು ಮೂರು ವಾರವಾದರೂ ಖಾಲಿ ಬಿಡಬೇಕು. ಔಷಧಿ ಕೊಟ್ಟ ಕುರಿಯನ್ನು ಎಷ್ಟು ದಿನ ಮಾಂಸಕ್ಕೆ ಮಾರಬಾರದೆಂಬುದು ಬಾಟಲಿಯ ಮೇಲೆ ಇರುತ್ತದೆ.

ಮಳೆಗಾಲದಲ್ಲಿ ಎರೆ ಹೊಲಗಳಲ್ಲಿ ನೆನೆದ ಹಿಂಡಿಗೆ ಬರುವ ಇನ್ನೊಂದು ತೊಂದರೆಯನ್ನು ಕಜ್ಜಿಯೆಂದು ತಪ್ಪು ತಿಳಿಯುವುದುಂಟು. ಬೆನ್ನಿನ ಮೇಲೆ ನೀರು ಇಳಿಯುವ ಜಾಗದಲ್ಲಿ ಉಣ್ಣೆ ಗಟ್ಟಿ ಹೊಪ್ಪಳೆಯೊಂದಿಗೆ ಅಂಟಿಕೊಂಡಿರುತ್ತದೆ. ಹೊಪ್ಪಳೆಯನ್ನು ಎತ್ತಿದರೆ ಉಣ್ಣೆ ಸಮೇತ ಕಿತ್ತು ಬರುತ್ತದೆ, ತುರಿಕೆ ಮಾತ್ರ ಅಷ್ಟಾಗಿ ಇರುವುದಿಲ್ಲ. ಇದು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ನುಸಿಯ ಔಷಧಿ ಇದಕ್ಕೆ ಹತ್ತುವುದಿಲ್ಲ. ಒಣ ಜಾಗ ಮತ್ತು ವೈದ್ಯರು ಕೊಡುವ ಆ್ಯಂಟಿಬಯಾಟಿಕ್ ಬೇಕು.

ತುರಿಕೆ ಇಲ್ಲದೆ ಉದುರಿದರೆ

ಕುರಿ ಸುಮ್ಮನೆ ನಿಂತಿದೆ, ಚರ್ಮ ಸ್ವಚ್ಛವಾಗಿದೆ, ಉಣ್ಣೆ ಮಾತ್ರ ಹಿಡಿ ಹಿಡಿಯಾಗಿ ಬರುತ್ತಿದೆ ಎಂದಾಗ ಹಿಂದಿನ ಕೆಲವು ವಾರಗಳನ್ನು ಕೆದಕಬೇಕು. ಮುಂಗಾರು ಮುಗಿಯುತ್ತ ಬಂದಂತೆ ಸಣ್ಣ ನೊಣಗಳು ಹೆಚ್ಚಿ ನೀಲಿ ನಾಲಿಗೆ ರೋಗ ಹರಡುವ ಕಾಲ. ಆಗ ತುಟಿ ಮುಖ ಊದಿದ್ದು, ಬಾಯಲ್ಲಿ ಜೊಲ್ಲು, ಕಾಲು ಕುಂಟಿದ್ದು ಯಾರಾದರೂ ನೋಡಿದ್ದರೆ, ಬದುಕುಳಿದ ಕುರಿಗಳ ಉಣ್ಣೆ ವಾರಗಳ ನಂತರ ಉದುರುವುದರಲ್ಲಿ ಆಶ್ಚರ್ಯವಿಲ್ಲ. ಸಿಡುಬು ಮತ್ತು ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ವೈರಸ್ ರೋಗ) ಜ್ವರಗಳೂ ಹೀಗೆ ಮಾಡಬಲ್ಲವು. ಇಲ್ಲಿ ಉದುರಿದ ಉಣ್ಣೆಗೆ ಔಷಧಿಯಿಲ್ಲ, ಹೊಸದು ಬರುತ್ತದೆ; ಮುಂದಿನ ವರ್ಷಕ್ಕೆ ಲಸಿಕೆ ತಪ್ಪದಂತೆ ನೋಡಿಕೊಳ್ಳುವುದೇ ಪರಿಹಾರ. ಕುರಿಯ ಸಹಜ ಉಷ್ಣತೆ 102 ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿ ನಡೆದು ಬಂದ ಕೂಡಲೇ ಅಳೆದರೆ ಅದಕ್ಕಿಂತ ಹೆಚ್ಚು ತೋರಿಸುವುದರಿಂದ ಬೆಳಗಿನ ತಂಪಿನಲ್ಲಿ ಅಳೆಯಬೇಕು.

ಜ್ವರವೂ ಇರಲಿಲ್ಲವೆಂದರೆ ಮೇವು. ಸುಬಾಬುಲ್ ಸೊಪ್ಪನ್ನು ಬೇಲಿಗುಂಟ ಬೆಳೆಸಿ ಬೇಸಿಗೆಯಲ್ಲಿ ಅದೊಂದನ್ನೇ ಹಾಕುವ ಮನೆಗಳಲ್ಲಿ ಇದನ್ನು ಮೊದಲು ಕೇಳಬೇಕು. ಅದರಲ್ಲಿರುವ ಮಿಮೋಸಿನ್ ಎಂಬ ವಸ್ತು ಉಣ್ಣೆಯ ಬೇರನ್ನೇ ನಿಲ್ಲಿಸುತ್ತದೆ, ಒಂದೆರಡು ವಾರಗಳಲ್ಲಿ ಉಣ್ಣೆ ಹಾಳೆ ಹಾಳೆಯಾಗಿ ಕಳಚುತ್ತದೆ. ಕತ್ತರಿಯಿಲ್ಲದೆ ಉಣ್ಣೆ ತೆಗೆಯಲು ಇದನ್ನೇ ಬಳಸಬಹುದೇ ಎಂದು ವಿಜ್ಞಾನಿಗಳು ಪ್ರಯೋಗ ಮಾಡಿದ್ದೂ ಇದೆ! ಸೊಪ್ಪನ್ನು ನಿಲ್ಲಿಸಿದರೆ ಉಣ್ಣೆ ಮರಳುತ್ತದೆ. ಒಟ್ಟು ಮೇವಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಇಟ್ಟು, ಉಳಿದದ್ದಕ್ಕೆ ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಜೋಳದ ಮೇವು ಹಾಕಿದರೆ ಸುಬಾಬುಲ್ ಒಳ್ಳೆಯ ಮೇವೇ.

ಮೇವು ಸಾಕಷ್ಟಿದ್ದರೂ ಕುರಿ ಬಡವಾಗುತ್ತಿದ್ದರೆ ಹೊಟ್ಟೆಯ ಹುಳುಗಳನ್ನು ಅನುಮಾನಿಸಬೇಕು. ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿರುಗುಪ್ಪ, ಸಿಂಧನೂರು ಕಡೆ ಭತ್ತ ಕೊಯ್ದ ಮೇಲೆ ಗದ್ದೆಗಳಿಗೆ ಹಿಂಡು ಇಳಿಯುತ್ತದೆ. ಗದ್ದೆಯವರಿಗೆ ಗೊಬ್ಬರ, ಕುರಿಗಾರರಿಗೆ ಹಸಿ ಕೂಳೆ. ಎರಡೂ ಕಡೆಗೆ ಲಾಭದ ಏರ್ಪಾಡು. ಆದರೆ ಕಾಲುವೆಯ ಅಂಚಿನ ಬಸವನಹುಳುಗಳ ಮೂಲಕ ಯಕೃತ್ತಿನ ಹುಳು ಕುರಿಗೆ ಬರುವುದೂ ಅಲ್ಲಿಂದಲೇ. ಕೆಳ ಕಣ್ಣುರೆಪ್ಪೆಯನ್ನು ಮಗುಚಿ ನೋಡಿದಾಗ ಒಳಗಿನ ಕೆಂಪು ಹೋಗಿ ಬಿಳುಚಿಕೊಂಡಿದ್ದರೆ, ಸಂಜೆ ಮೇದು ಬಂದಾಗ ದವಡೆಯ ಕೆಳಗೆ ನೀರು ತುಂಬಿ ಊದಿ ಬೆಳಗಿಗೆ ಇಳಿದಿದ್ದರೆ, ಉಣ್ಣೆಗೆ ಹೋಗಬೇಕಾದ ಪೋಷಣೆ ಹುಳುವಿಗೆ ಹೋಗುತ್ತಿದೆ. ಐವರ್ಮೆಕ್ಟಿನ್ ಯಕೃತ್ತಿನ ಹುಳುವನ್ನು ಕೊಲ್ಲುವುದಿಲ್ಲ. ಅದಕ್ಕೆ ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್‌ನಂಥ ಬೇರೆ ಔಷಧಿಗಳಿವೆ. ನಾಲ್ಕಾರು ಕುರಿಗಳ ಹಿಕ್ಕೆಯನ್ನು ಪರೀಕ್ಷೆಗೆ ಕೊಟ್ಟರೆ ಯಾವ ಹುಳು ಎಂದು ತಿಳಿಯುತ್ತದೆ, ಬೇಡದ ಔಷಧಿಯ ಖರ್ಚೂ ಉಳಿಯುತ್ತದೆ.

ಬಾಯಿ ತೆರೆದು ಹಲ್ಲು ನೋಡುವುದನ್ನೂ ಬಿಡಬಾರದು. ಈ ಜಿಲ್ಲೆಗಳ ಹಲವು ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ; ಅದನ್ನೇ ಮರಿಯಿಂದಲೂ ಕುಡಿದ ಕುರಿಯ ಹಲ್ಲು ಕಲೆಗಟ್ಟಿ ಬೇಗ ಸವೆಯುತ್ತದೆ. ಹಲ್ಲು ಸವೆದ ಕುರಿ ಒಣ ಹುಲ್ಲನ್ನು ಸರಿಯಾಗಿ ಕಚ್ಚಲಾರದು.

ಕಪ್ಪು ಉಣ್ಣೆ ಬಣ್ಣಗೆಟ್ಟರೆ

ಕರಿ ಕುರಿಯ ಉಣ್ಣೆ ಕೆಂಪಾಗಿದೆ ಎಂಬ ದೂರಿಗೆ ಉತ್ತರ ಕುಚ್ಚಿನಲ್ಲೇ ಇದೆ. ತುದಿ ಮಾತ್ರ ಕಂದಾಗಿ ಬುಡ ಕಪ್ಪಗಿದ್ದರೆ ಅದು ಬಿಸಿಲಿನ ಕೆಲಸ. ಬುಡವೂ ಬೂದಿ ಬಣ್ಣಕ್ಕೆ ತಿರುಗಿದ್ದು, ಎಳೆಯ ಗುಂಗುರು ಹೋಗಿ ತಂತಿಯಂತೆ ನೇರವಾಗಿದ್ದರೆ ತಾಮ್ರದ ಕೊರತೆಯ ಲಕ್ಷಣ; ಅಂಥ ಹಿಂಡಿನಲ್ಲಿ ಹುಟ್ಟಿದ ಮರಿಗಳ ಹಿಂಗಾಲು ತೂರಾಡುತ್ತಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಆದರೆ ಇದನ್ನು ಓದಿದ ಕೂಡಲೇ ಯಾರೂ ಮೈಲುತುತ್ತ (ತಾಮ್ರದ ಸಲ್ಫೇಟ್) ಕುಡಿಸಬಾರದು. ತಾಮ್ರ ಹೆಚ್ಚಾದರೆ ಕುರಿಯಷ್ಟು ಬೇಗ ಸಾಯುವ ಸಾಕುಪ್ರಾಣಿ ಇನ್ನೊಂದಿಲ್ಲ. ದನಕ್ಕೆಂದು ಮಾಡಿದ ಖನಿಜ ಮಿಶ್ರಣವನ್ನು ಕುರಿಗೆ ಹಾಕುವುದೂ ಅಪಾಯ. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟನ್ನೇ ಕೊಡಬೇಕು.

ಕುರಿ ಸರಿಯಿದ್ದೂ ನೂಲು ಹರಿದರೆ

ಕುಚ್ಚು ಗಟ್ಟಿಯಾಗಿದೆ, ಹಿಂಡು ಆರೋಗ್ಯವಾಗಿದೆ, ಆದರೂ ಮಗ್ಗದ ಮೇಲೆ ಹಾಸು ನಿಲ್ಲುವುದಿಲ್ಲ ಎಂದಾದರೆ ತಪ್ಪು ಕತ್ತರಿಗೂ ಮಗ್ಗಕ್ಕೂ ನಡುವೆ ಎಲ್ಲೋ ಇದೆ. ಹರಿದ ನೂಲನ್ನು ಬಿಚ್ಚಿ ಎಳೆಗಳನ್ನು ಕರಿ ಬಟ್ಟೆಯ ಮೇಲೋ ಬಿಳಿ ಕಾಗದದ ಮೇಲೋ ಹರಡಿ ನೋಡಬೇಕು. ಎರಡೂ ತುದಿ ಕತ್ತರಿಸಿದಂತಿರುವ ಗಿಡ್ಡ ತುಣುಕುಗಳು ಬಹಳ ಇದ್ದರೆ ಕತ್ತರಿ ಮೊದಲ ಸಲ ಎತ್ತರದಲ್ಲಿ ಆಡಿ, ಉಳಿದದ್ದನ್ನು ಮತ್ತೆ ಕತ್ತರಿಸಲಾಗಿದೆ. ಆ ತುಣುಕುಗಳು ನೂಲಿನಲ್ಲಿ ಹಿಡಿತಕ್ಕೆ ಬರುವುದಿಲ್ಲ. ಮರುಳುಮತ್ತಿಯ ಮುಳ್ಳುಕಾಯಿ, ಉತ್ತರಾಣಿಯ ಕಾಳು ಉಳಿದಿದ್ದರೆ ನೂಲು ಅಲ್ಲಲ್ಲಿ ಗಂಟಾಗಿ ಗಂಟಿನ ಪಕ್ಕದಲ್ಲೇ ಹರಿಯುತ್ತದೆ.

ಎಳೆಗಳು ಉದ್ದವಿದ್ದೂ ಬೆರಳಿಗೆ ಒಣ ಹುಲ್ಲಿನಂತೆ ಪುಡಿಯಾದರೆ ಕ್ಷಾರ ತಾಗಿದೆ. ತೊಳೆಯುವಾಗ ಸೋಡಾ ಹೆಚ್ಚಾದರೂ ಹೀಗಾಗುತ್ತದೆ, ಚರ್ಮ ಹದ ಮಾಡುವ ಕಡೆ ಸುಣ್ಣ ಹಚ್ಚಿ ಬಿಡಿಸಿದ ಉಣ್ಣೆಯನ್ನು ಬೆರೆಸಿದರೂ ಹೀಗಾಗುತ್ತದೆ. ಕೊಂಡು ತಂದ ಉಣ್ಣೆಯಾದರೆ ಎರಡನೆಯದನ್ನೇ ಮೊದಲು ಅನುಮಾನಿಸುವುದು ಒಳ್ಳೆಯದು. ಒದ್ದೆ ಉಣ್ಣೆಯನ್ನು ಚೀಲಕ್ಕೆ ಒತ್ತಿ ತುಂಬಿಟ್ಟಿದ್ದರೆ ಅದು ಹಳದಿಯಾಗಿ, ಮುಗ್ಗಲು ವಾಸನೆ ಹೊಡೆದು, ಒಳಗಿಂದ ಕೊಳೆತಿರುತ್ತದೆ; ಇದಕ್ಕೆ ಮೂಗು ಸಾಕು.

ಇವೆಲ್ಲ ಇಲ್ಲವೆಂದರೆ ಗಂಜಿ. ಹಾಸಿನ ಎಳೆಗಳಿಗೆ ಹಚ್ಚುವ ಹುಣಸೆ ಬೀಜದ ಗಂಜಿ ತೆಳುವಾದರೆ ಎಳೆಗಳ ರೋಮ ಮೇಲೆದ್ದು ಒಂದಕ್ಕೊಂದು ಸಿಕ್ಕಿಕೊಂಡು ಹರಿಯುತ್ತವೆ. ದಪ್ಪವಾಗಿ ಹಚ್ಚಿ ಬಿರುಬಿಸಿಲಿಗೆ ಒಣಗಿಸಿದರೆ ಹಾಸು ಗರಿಗರಿಯಾಗಿ ಬಾಗಿದಲ್ಲಿ ಮುರಿಯುತ್ತದೆ. ಹೊಕ್ಕು (ಅಡ್ಡ ಎಳೆ) ಹರಿಯದೆ ಹಾಸು ಮಾತ್ರ ಹರಿಯುತ್ತಿದೆ, ಎರಡೂ ಒಂದೇ ರಾಶಿಯ ಉಣ್ಣೆ ಎಂದಾದರೆ, ಉಣ್ಣೆಯನ್ನು ದೂರುವ ಮೊದಲು ಗಂಜಿಯ ಪಾತ್ರೆಯನ್ನು ನೋಡಬೇಕು.

ತಡ ಮಾಡಬಾರದ ಸಂದರ್ಭ

ಉಣ್ಣೆ ಉದುರುವುದರ ಜೊತೆಗೆ ಜ್ವರ, ಮುಖದ ಊತ, ಬಾಲದ ಬುಡದಲ್ಲಿ ಮತ್ತು ತೊಡೆಸಂದಿಯಲ್ಲಿ ಗುಳ್ಳೆ, ಭೇದಿ ಅಥವಾ ಒಂದರ ಹಿಂದೆ ಒಂದು ಸಾವು ಕಂಡರೆ ಮೇಲಿನ ಪರೀಕ್ಷೆಗಳನ್ನೆಲ್ಲ ಬಿಟ್ಟು ಪಶು ವೈದ್ಯರನ್ನು ಕರೆಯಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಅಂಥ ಕುರಿಯ ಚರ್ಮ ಸುಲಿಯಬಾರದು, ಹೊಟ್ಟೆ ಕೊಯ್ಯಬಾರದು, ಉಣ್ಣೆಯನ್ನಂತೂ ಕತ್ತರಿಸಲೇಬಾರದು. ಆ ರೋಗದ ಬೀಜಕಣಗಳು ಉಣ್ಣೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು, ಹಿಂಜುವಾಗ ಏಳುವ ಧೂಳಿನೊಂದಿಗೆ ಮನುಷ್ಯರ ಶ್ವಾಸಕೋಶಕ್ಕೆ ಇಳಿಯುತ್ತವೆ. ವೈದ್ಯರು ಬಂದು ನೋಡುವವರೆಗೆ ನಾಯಿ, ಹದ್ದುಗಳು ಮುಟ್ಟದಂತೆ ಕಾಯಬೇಕು. ಆಮೇಲೆ ಅವರು ಹೇಳಿದಂತೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಅದೇ ಹಿಂಡಿನಿಂದ ಆ ವಾರ ಕತ್ತರಿಸಿದ ಉಣ್ಣೆ ಮನೆಯಲ್ಲಿದ್ದರೆ ಅದರ ಮಾತನ್ನೂ ವೈದ್ಯರಿಗೆ ತಿಳಿಸಿ, ಅವರು ಹೇಳುವವರೆಗೆ ಚೀಲದ ಬಾಯಿ ಬಿಚ್ಚದೆ ಬೇರೆಯೇ ಇಡಬೇಕು.